ಸ್ವೈಪ್ ಮಾಡಲು ಬಂದರೆ ಮಗು ಟ್ಯಾಬ್‌ಗೆ ರೆಡಿ ಅಂತ ಅರ್ಥವೇ?

ಪ್ರಶ್ನೆ: ನಮ್ಮದು ದಾವಣಗೆರೆ. ಮಗಳಿಗೆ ಎರಡು ವರ್ಷ ಮೂರು ತಿಂಗಳು. ನಾನು ಬ್ಯಾಂಕ್‌ನಲ್ಲಿ ಕೆಲಸ ಮಾಡುತ್ತೇನೆ. ಹಗಲು ಮಗುವನ್ನು ಅತ್ತೆ ನೋಡಿಕೊಳ್ಳುತ್ತಾರೆ. ಮಸ್ಕತ್‌ನಲ್ಲಿರುವ ಮೈದುನ ಮುಂದಿನ ತಿಂಗಳು ಊರಿಗೆ ಬರುತ್ತಿದ್ದಾನೆ, ಮಗುವಿಗೆ ಲರ್ನಿಂಗ್ ಟ್ಯಾಬ್ ತರುತ್ತೇನೆ ಅಂತಿದ್ದಾನೆ. ಪಕ್ಕದ ಮನೆಯ ಮಗುವಿಗೂ ಇಷ್ಟೇ ವಯಸ್ಸು. ಅದು ಟ್ಯಾಬ್ ನೋಡಿಯೇ ಎಬಿಸಿಡಿ, ಬಣ್ಣ, ಪ್ರಾಣಿ ಎಲ್ಲಾ ಹೇಳುತ್ತದೆ. ನಮ್ಮವಳು ಎರಡೆರಡು ಮಾತು ಸೇರಿಸಿ ಮಾತಾಡುತ್ತಾಳೆ, ಆದರೆ ಎಬಿಸಿಡಿ ಬರುವುದಿಲ್ಲ. ಫೋನ್ ಕೊಟ್ಟರೆ ಮಾತ್ರ ತಾನೇ ಬೆರಳಲ್ಲಿ ಸರಿಸಿ ಬೇಕಾದ ವಿಡಿಯೋ ಹಾಕಿಕೊಳ್ಳುತ್ತಾಳೆ. ಊಟ ಮಾಡಿಸುವಾಗ ಮಾತ್ರ ಕೊಡುತ್ತೇವೆ. ಅವಳು ಟ್ಯಾಬ್‌ಗೆ ರೆಡಿ ಇದ್ದಾಳಾ? ಅತ್ತೆ "ಸ್ಲೇಟು ಬಳಪ ಸಾಕು" ಅನ್ನುತ್ತಾರೆ. ಕೊಡದಿದ್ದರೆ ಮಗು ಹಿಂದೆ ಬೀಳುತ್ತದೇನೋ ಅಂತ ನನಗೆ ಭಯ.

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಟ್ಯಾಬ್ ಇಲ್ಲ ಅನ್ನುವ ಕಾರಣಕ್ಕೆ ಎರಡು ವರ್ಷದ ಮಗು ಹಿಂದೆ ಬೀಳುವುದಿಲ್ಲ. ನಾನು ಮಕ್ಕಳ ಮಾತು, ಭಾಷೆ ನೋಡುವ ಕೆಲಸದಲ್ಲಿ ಬಹಳ ವರ್ಷ ಕಳೆದಿದ್ದೇನೆ. ಜನ ಸ್ಪೀಚ್ ಥೆರಪಿ ಅಂತ ಕರೆಯುತ್ತಾರಲ್ಲ, ಅದು. ಮಾತು ತಡವಾಯಿತು ಅಂತ ಬಂದ ಮಕ್ಕಳಲ್ಲಿ "ಟ್ಯಾಬ್ ಕೊಡಲಿಲ್ಲ, ಅದಕ್ಕೇ ಹೀಗಾಯಿತು" ಅನ್ನುವ ಒಂದು ಮಗುವನ್ನೂ ನೋಡಿಲ್ಲ. ಈ ಭಯವನ್ನು ಮೊದಲು ಪಕ್ಕಕ್ಕಿಡಿ. ಉಳಿದದ್ದನ್ನು ಸಮಾಧಾನವಾಗಿ ಯೋಚಿಸೋಣ.

ಈಗ ಸ್ವೈಪ್ ವಿಷಯ. ಮಗು ತಾನೇ ವಿಡಿಯೋ ಹುಡುಕಿ ಹಾಕಿಕೊಂಡರೆ ಯಾರಿಗಾದರೂ ಖುಷಿಯಾಗುತ್ತದೆ. ಎಷ್ಟು ಚುರುಕು ಅನ್ನಿಸುತ್ತದೆ. ಆದರೆ ಟಚ್ ಸ್ಕ್ರೀನ್ ಮಾಡಿರುವುದೇ ಹಾಗೆ. ಬೆರಳು ಎಲ್ಲಿ ತಾಗಿದರೂ ಏನೋ ಒಂದು ಆಗುತ್ತದೆ. ಚಿತ್ರ ಓಡುತ್ತದೆ, ಸದ್ದು ಬರುತ್ತದೆ. "ನಾನು ಹೀಗೆ ಮಾಡಿದರೆ ಹಾಗೆ ಆಗುತ್ತದೆ" ಅನ್ನುವುದು ಗಿಲಕಿ ಆಡಿಸುವ ಒಂಬತ್ತು ತಿಂಗಳ ಕೂಸಿಗೂ ಗೊತ್ತು. ನಿಮ್ಮೂರಿನ ಮಂಡಕ್ಕಿಯನ್ನೇ ತಟ್ಟೆಯಲ್ಲಿ ಹರಡಿ ನೋಡಿ. ಹೆಬ್ಬೆರಳು, ತೋರುಬೆರಳಲ್ಲಿ ಒಂದೊಂದೇ ಹೆಕ್ಕಿ ಬಾಯಿಗೆ ಹಾಕಿಕೊಳ್ಳಲು ಮಗುವಿಗೆ ಬೇಕಾಗುವ ಹಿಡಿತ ಸ್ವೈಪ್‌ಗೆ ಬೇಕಾಗುವುದಕ್ಕಿಂತ ಎಷ್ಟೋ ಜಾಸ್ತಿ.

ಹಾಗಂತ ಸ್ವೈಪ್ ಮಾಡಿದರೆ ಕೈ ಹಾಳಾಗುತ್ತದೆ ಅಂತ ನಾನು ಹೆದರಿಸುವುದಿಲ್ಲ. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಸಂಶೋಧಕರು 2016ರಲ್ಲಿ ಇದನ್ನು ನೋಡಿದ್ದರು. ಬೇಗ ಸ್ಕ್ರಾಲ್ ಮಾಡಲು ಕಲಿತ ಮಕ್ಕಳು ಬ್ಲಾಕ್‌ಗಳನ್ನು ಒಂದರ ಮೇಲೊಂದು ಇಡುವುದನ್ನೂ ಬೇಗ ಶುರು ಮಾಡಿದ್ದರು. ಒಂದರಿಂದ ಇನ್ನೊಂದು ಬಂತು ಅಂತ ಇದರ ಅರ್ಥವಲ್ಲ. ಕೈ ಚುರುಕಿದ್ದ ಮಗು ಎರಡನ್ನೂ ಬೇಗ ಮಾಡಿರಬಹುದು. ಅದೇ ತಂಡ ಮರುವರ್ಷ ನಿದ್ದೆಯನ್ನು ನೋಡಿತು. 6ರಿಂದ 36 ತಿಂಗಳ 715 ಮಕ್ಕಳಲ್ಲಿ, ಟಚ್ ಸ್ಕ್ರೀನ್ ಬಳಸುವ ಪ್ರತಿ ಒಂದು ಗಂಟೆಗೆ ದಿನದ ನಿದ್ದೆ ಸುಮಾರು 15 ನಿಮಿಷ ಕಮ್ಮಿ ಕಂಡಿತು. ಇದೂ ಜೊತೆಜೊತೆಗೆ ಕಂಡ ವಿಷಯವೇ ಹೊರತು ಕಾರಣ ಅಂತ ಸಾಬೀತಾಗಿಲ್ಲ. ಆದರೂ ತಾಯಂದಿರಿಗೆ ನಾನು ಹೇಳುವುದು ಇದನ್ನೇ: ಬೆರಳಿನ ಚಿಂತೆ ಬಿಡಿ, ನಿದ್ದೆಯನ್ನು ಗಮನಿಸಿ.

ಹಾಗಾದರೆ ರೆಡಿ ಅಂದರೆ ಏನು? ಪರದೆಯ ಮೇಲೆ ಕಂಡದ್ದನ್ನು ಮಗು ಪರದೆಯಿಂದ ಆಚೆ ತರುತ್ತದೆಯೇ ಅನ್ನುವುದು. ದೊಡ್ಡವರಿಗೆ ಇದು ಸಲೀಸು. ಅಡುಗೆ ವಿಡಿಯೋ ನೋಡಿ ನಾವು ಒಗ್ಗರಣೆ ಹಾಕುತ್ತೇವೆ. ಎರಡು ವರ್ಷದ ಮಗುವಿಗೆ ಅದು ದೊಡ್ಡ ಜಿಗಿತ. 2009ರಲ್ಲಿ ಅಮೆರಿಕದಲ್ಲಿ 15 ತಿಂಗಳ ಮಕ್ಕಳ ಮೇಲೆ ಒಂದು ಸರಳ ಪ್ರಯೋಗ ಮಾಡಿದರು. ಆಟಿಕೆಯ ಒಂದು ಬಟನ್ ಒತ್ತುವುದನ್ನು ತೋರಿಸಿದರು. ನಿಜವಾದ ಆಟಿಕೆಯಲ್ಲಿ ತೋರಿಸಿದರೆ ಮಕ್ಕಳು ನಿಜವಾದ ಆಟಿಕೆಯಲ್ಲಿ ಒತ್ತಿದರು. ಟಚ್ ಸ್ಕ್ರೀನ್‌ನಲ್ಲಿ ತೋರಿಸಿದರೆ ಸ್ಕ್ರೀನ್‌ನಲ್ಲಿ ಒತ್ತಿದರು. ಸ್ಕ್ರೀನ್‌ನಲ್ಲಿ ಕಂಡದ್ದನ್ನು ಕೈಯಲ್ಲಿರುವ ಆಟಿಕೆಗೆ ದಾಟಿಸುವಾಗ ತಡವರಿಸಿದರು. ಆಟಿಕೆ ಅದೇ, ಬಟನ್ ಅದೇ. ಆದರೂ ಮಗುವಿಗೆ ಅವೆರಡು ಬೇರೆ ಬೇರೆ ಲೋಕ.

ಮಾತಿನ ವಿಷಯಕ್ಕೆ ಬಂದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 2003ರಲ್ಲಿ ಸಿಯಾಟಲ್‌ನಲ್ಲಿ ಪೆಟ್ರೀಶಿಯಾ ಕುಹ್ಲ್ ಅವರ ತಂಡ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಮನೆಯಲ್ಲಿ ಇಂಗ್ಲಿಷ್ ಮಾತ್ರ ಕೇಳಿ ಬೆಳೆದ ಕೂಸುಗಳು ಅವು. ಕೆಲವಕ್ಕೆ ಮ್ಯಾಂಡರಿನ್ ಮಾತಾಡುವವರು ಎದುರಿಗೇ ಕೂತು ಆಟ ಆಡಿಸಿದರು, ಪುಸ್ತಕ ಓದಿದರು. ಒಟ್ಟು 12 ಸಲ, ಅಷ್ಟೇ. ಆ ಕೂಸುಗಳು ಮ್ಯಾಂಡರಿನ್‌ನ ಧ್ವನಿಗಳನ್ನು ತೈವಾನ್‌ನ ಕೂಸುಗಳ ಹಾಗೇ ಬೇರ್ಪಡಿಸಿ ಗುರುತಿಸಿದವು. ಇನ್ನು ಕೆಲವಕ್ಕೆ ಅದೇ ಜನರ ಅದೇ ಮಾತನ್ನು ವಿಡಿಯೋದಲ್ಲಿ ತೋರಿಸಿದರು. ಅವು ಏನೂ ಕಲಿಯಲಿಲ್ಲ. ಮುಖ ಅದೇ, ದನಿ ಅದೇ. ಎದುರಿಗೆ ಮನುಷ್ಯ ಇಲ್ಲ, ಅಷ್ಟೇ ವ್ಯತ್ಯಾಸ. ಈ ಪ್ರಯೋಗವನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಗಿತ್ತು. ನಮ್ಮ ಅಜ್ಜಿಯಂದಿರು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮುಖಕ್ಕೆ ಮುಖ ಕೊಟ್ಟು ಮಾತಾಡಿಸುತ್ತಾರಲ್ಲ, ಅದರ ಬೆಲೆ ಎಷ್ಟು ಅಂತ ಅವತ್ತು ಗೊತ್ತಾಯಿತು.

ಇನ್ನೊಂದು ಪ್ರಯೋಗ 2010ರದ್ದು. ಇದು ನಿಮಗೆ ತುಂಬಾ ಹತ್ತಿರದ್ದು. ಒಂದರಿಂದ ಒಂದೂವರೆ ವರ್ಷದ ಮಕ್ಕಳಿಗೆ, ಪದ ಕಲಿಸುತ್ತದೆ ಅಂತ ಆಗ ಚೆನ್ನಾಗಿ ಮಾರಾಟವಾಗುತ್ತಿದ್ದ ಒಂದು ಡಿವಿಡಿಯನ್ನು ನಾಲ್ಕು ವಾರ ತೋರಿಸಿದರು. ಕೊನೆಗೆ ಪರೀಕ್ಷೆ ಮಾಡಿದರೆ, ಡಿವಿಡಿ ನೋಡಿದವರಿಗೂ ನೋಡದವರಿಗೂ ಅಂಥ ವ್ಯತ್ಯಾಸ ಇಲ್ಲ. ಎಲ್ಲರಿಗಿಂತ ಜಾಸ್ತಿ ಕಲಿತ ಮಕ್ಕಳು ಯಾರು ಗೊತ್ತಾ? ಡಿವಿಡಿಯನ್ನೇ ನೋಡದವರು. ಅವರ ಅಪ್ಪ ಅಮ್ಮನಿಗೆ ಅದರಲ್ಲಿದ್ದ ಪದಗಳ ಪಟ್ಟಿ ಮಾತ್ರ ಕೊಟ್ಟು "ನಿಮಗೆ ತೋಚಿದಂತೆ ಹೇಳಿಕೊಡಿ" ಅಂದಿದ್ದರು. ಇನ್ನೂ ಒಂದು ವಿಷಯ ಇದೆ. ಡಿವಿಡಿಯನ್ನು ತುಂಬಾ ಮೆಚ್ಚಿಕೊಂಡ ಪೋಷಕರು "ನಮ್ಮ ಮಗು ಬಹಳ ಕಲಿತಿದೆ" ಅಂತಲೇ ನಂಬಿದ್ದರು. ಮಗು ಬೆಳೆಯುವ ವಯಸ್ಸು ಅದು. ದಿನಕ್ಕೊಂದು ಹೊಸ ಪದ ಹೇಗೂ ಬರುತ್ತದೆ. ಅದನ್ನು ಎದುರಿಗಿದ್ದ ಪೆಟ್ಟಿಗೆಯ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಯಾಕೆ ಹೀಗೆ? ಈ ವಯಸ್ಸಿನ ಕಲಿಕೆ ಕೊಡುಕೊಳ್ಳುವಿಕೆಯ ಮೇಲೆ ನಡೆಯುತ್ತದೆ. ಮಗು ಬೆರಳು ತೋರಿಸುತ್ತದೆ, ನೀವು ಆ ಕಡೆ ನೋಡುತ್ತೀರಿ, ಅದರ ಹೆಸರು ಹೇಳುತ್ತೀರಿ. ಮಗು ನಿಮ್ಮ ಮುಖ ನೋಡಿ ಖಾತ್ರಿ ಮಾಡಿಕೊಳ್ಳುತ್ತದೆ. ಟ್ಯಾಬ್‌ಗೆ ಮಗು ಎಲ್ಲಿ ನೋಡುತ್ತಿದೆ ಅಂತ ಗೊತ್ತಿಲ್ಲ. ನಿಮ್ಮ ಅತ್ತೆ ಹಸಿ ಬಟಾಣಿ ಸುಲಿಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಾರೆ ಅಂತ ಇಟ್ಟುಕೊಳ್ಳಿ. "ಇದು ದೊಡ್ಡದು. ಇದು ಎಳೇದು. ಅಯ್ಯೋ, ಇದರೊಳಗೆ ಹುಳ ಇದೆ ನೋಡು, ಬಿಸಾಡು. ಬುಟ್ಟಿಗೆ ಹಾಕು, ಕೆಳಗೆ ಬಿತ್ತು, ಎತ್ತಿಕೋ." ಹತ್ತು ನಿಮಿಷದಲ್ಲಿ ಬಣ್ಣ, ಗಾತ್ರ, ಒಳಗೆ, ಹೊರಗೆ, ಮೇಲೆ, ಕೆಳಗೆ ಎಲ್ಲಾ ಬಂತು. ಬೆರಳಿಗೂ ಕೆಲಸ ಸಿಕ್ಕಿತು. ಒಂದೊಂದು ಪದಕ್ಕೂ ಮುಟ್ಟಲು ಒಂದು ವಸ್ತು ಇದೆ. ಯಾವ ಲರ್ನಿಂಗ್ ಆ್ಯಪ್‌ನಲ್ಲೂ ಇಷ್ಟು ಒಟ್ಟಿಗೆ ಸಿಗುವುದನ್ನು ನಾನು ಕಂಡಿಲ್ಲ.

ಪಕ್ಕದ ಮನೆಯ ಮಗುವಿನ ಬಗ್ಗೆ ಒಂದು ಮಾತು. ಆ ಮಗುವನ್ನು ನಾನು ನೋಡಿಲ್ಲ, ಅದು ಜಾಣ ಮಗುವೇ ಇರಬಹುದು. ಆದರೆ ಎರಡು ವರ್ಷಕ್ಕೆ ಎಬಿಸಿಡಿ ಹೇಳುವುದು ಹಾಡು ಹೇಳಿದ ಹಾಗೆ. 'ಬಿ' ಎಲ್ಲಿದೆ ತೋರಿಸು ಅಂದರೆ, ಮನೆಯಲ್ಲಿರುವ ಕೆಂಪು ವಸ್ತು ಒಂದು ತಾ ಅಂದರೆ ಏನಾಗುತ್ತದೆ ಅನ್ನುವುದು ಬೇರೆ ಪ್ರಶ್ನೆ. ಬಣ್ಣಗಳ ಹೆಸರು ಬಹಳ ಮಕ್ಕಳಿಗೆ ಗಟ್ಟಿಯಾಗುವುದೇ ಮೂರರ ಆಸುಪಾಸಿನಲ್ಲಿ. ಅಕ್ಷರಕ್ಕೆ ಇನ್ನೂ ಸಮಯ ಇದೆ. ಹೊಸ ಶಿಕ್ಷಣ ನೀತಿಯ ಪ್ರಕಾರ 3ರಿಂದ 8 ವರ್ಷದ ಮಕ್ಕಳಿಗಾಗಿ ಎನ್‌ಸಿಇಆರ್‌ಟಿ 2023ರ ಫೆಬ್ರುವರಿಯಲ್ಲಿ ಜಾದೂಯಿ ಪಿಟಾರಾ ಅನ್ನುವ ಕಲಿಕೆಯ ಪೆಟ್ಟಿಗೆ ತಂದಿತು. ಅದರಲ್ಲಿರುವುದು ಆಟಿಕೆ, ಗೊಂಬೆ, ಪಜಲ್, ಚಿತ್ರದ ಕಾರ್ಡು, ಕಥೆಯ ಕಾರ್ಡು. ನಿಮ್ಮ ಮಗಳು ಆ ವಯಸ್ಸಿಗೆ ಇನ್ನೂ ಬಂದೇ ಇಲ್ಲ. ಅವಳು ಎರಡೆರಡು ಮಾತು ಸೇರಿಸಿ ಆಡುತ್ತಾಳೆ ಅಂತ ಬರೆದಿದ್ದೀರಿ. ನನ್ನಂಥವರು ಈ ವಯಸ್ಸಿನಲ್ಲಿ ಹುಡುಕುವುದೇ ಅದನ್ನು. "ಅಜ್ಜಿ ಬಾ", "ಹಾಲು ಬೇಡ" ಅನ್ನುವ ಎರಡು ಪದದ ಮಾತಿಗೆ ಇಪ್ಪತ್ತಾರು ಅಕ್ಷರಕ್ಕಿಂತ ತೂಕ ಜಾಸ್ತಿ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ ಸಾಲಿಗೆ ಬರುತ್ತೇನೆ. "ಊಟ ಮಾಡಿಸುವಾಗ ಮಾತ್ರ ಕೊಡುತ್ತೇವೆ."

ಒಂದು ಲೆಕ್ಕ ಹಾಕಿ. ಬೆಳಿಗ್ಗೆ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ. ವಿಡಿಯೋ ನೋಡುತ್ತಾ ತಿನ್ನುವ ಮಗುವಿಗೆ ಒಂದೊಂದು ಊಟಕ್ಕೂ ಅರ್ಧ ಗಂಟೆ ಆಗಿಯೇ ಆಗುತ್ತದೆ. ಅಲ್ಲಿಗೆ ಒಂದೂವರೆ ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಸೂಚನೆ ಕೊಟ್ಟಿತು. ಒಂದು ವರ್ಷದ ಮಗುವಿಗೆ ಸ್ಕ್ರೀನ್ ಬೇಡ. ಎರಡು ವರ್ಷ ತುಂಬಿದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಮ್ಮಿ ಆದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ತಜ್ಞರ ಸಂಘ ಐಎಪಿ ಹೇಳುವುದೂ ಹೆಚ್ಚುಕಮ್ಮಿ ಇದನ್ನೇ: ಎರಡು ವರ್ಷದವರೆಗೆ ನೆಂಟರ ಜೊತೆ ಆಗೀಗ ವಿಡಿಯೋ ಕಾಲ್ ಬಿಟ್ಟರೆ ಸ್ಕ್ರೀನ್ ಬೇಡ, ಎರಡರಿಂದ ಐದರವರೆಗೆ ಹೆಚ್ಚೆಂದರೆ ಒಂದು ಗಂಟೆ. ಅಂದರೆ ನಿಮ್ಮ ಮಗಳ ಪಾಲಿನ ಸಮಯ ಊಟದ ಹೊತ್ತಿನಲ್ಲೇ ಮುಗಿದು ಹೋಗಿದೆ. ಟ್ಯಾಬ್‌ಗೆ ಜಾಗವೇ ಉಳಿದಿಲ್ಲ. ಅದು ಬಂದರೆ ಎಲ್ಲಿ ಕೂರುತ್ತದೆ? ನಿದ್ದೆಯಲ್ಲಿ, ಆಟದಲ್ಲಿ, ಅಜ್ಜಿಯ ಮಾತಿನಲ್ಲಿ ಕತ್ತರಿಸಿಕೊಂಡೇ ಕೂರಬೇಕು.

ಮಾತು ಹೇಗೆ ಕಮ್ಮಿಯಾಗುತ್ತದೆ ಅನ್ನುವುದನ್ನು ಆಸ್ಟ್ರೇಲಿಯಾದಲ್ಲಿ 220 ಕುಟುಂಬಗಳಲ್ಲಿ ಅಳೆದರು. ಮಗುವಿನ ಅಂಗಿಯಲ್ಲಿ ಚಿಕ್ಕ ರೆಕಾರ್ಡರ್ ಇಟ್ಟು ದಿನವಿಡೀ ಮನೆಯ ಸದ್ದು ಹಿಡಿದರು. 2024ರಲ್ಲಿ ಫಲಿತಾಂಶ ಬಂತು. ಮೂರು ವರ್ಷದ ಮಕ್ಕಳಲ್ಲಿ, ಸ್ಕ್ರೀನ್‌ನ ಪ್ರತಿ ಒಂದು ನಿಮಿಷ ಜಾಸ್ತಿಯಾದಾಗ ದೊಡ್ಡವರ ಬಾಯಿಂದ ಮಗು ಕೇಳುವ ಪದಗಳು ಆರೇಳು ಕಮ್ಮಿ. ಮಗು ತಾನು ಆಡುವ ಮಾತು ಐದರಷ್ಟು ಕಮ್ಮಿ. ಬೈಯುವುದಕ್ಕೋ ಹೆದರಿಸುವುದಕ್ಕೋ ಇದನ್ನು ಹೇಳುತ್ತಿಲ್ಲ. ಊಟದ ಹೊತ್ತಿಗೆ ಫೋನ್ ಹಿಡಿಯುವ ಬಹುಪಾಲು ಮನೆಗಳಲ್ಲಿ ಕಾರಣ ಒಂದೇ: ಮಗು ತಿನ್ನಲಿ ಅನ್ನುವ ಕಾಳಜಿ. ನಿಮ್ಮ ಅತ್ತೆಗೂ ವಯಸ್ಸಾಗಿರಬಹುದು, ತಟ್ಟೆ ಹಿಡಿದು ಮನೆ ತುಂಬಾ ಓಡಾಡಲು ಆಗದಿರಬಹುದು. ಅದು ನನಗೆ ಅರ್ಥವಾಗುತ್ತದೆ.

ಆದ್ದರಿಂದ ಮೊದಲ ಕೆಲಸ ಟ್ಯಾಬ್ ಅಲ್ಲ, ಊಟ. ಮೂರೂ ಹೊತ್ತು ಒಟ್ಟಿಗೆ ಬಿಡಿಸಲು ಹೋಗಬೇಡಿ. ನೀವು ಮನೆಯಲ್ಲಿರುವ ರಾತ್ರಿ ಊಟದಿಂದ ಶುರು ಮಾಡಿ. ಎಲ್ಲರೂ ಒಟ್ಟಿಗೆ ಕೂರಿ, ಫೋನ್‌ಗಳು ಬೇರೆ ಕೋಣೆಯಲ್ಲಿರಲಿ. ನಿಮ್ಮದೂ, ಯಜಮಾನರದ್ದೂ. ಅವಳ ತಟ್ಟೆಗೆ ಸ್ವಲ್ಪ ಹಾಕಿ, ಅವಳೇ ಕೈಯಲ್ಲಿ ಕಲಸಲಿ, ಚೆಲ್ಲಲಿ. ಮೊದಲ ನಾಲ್ಕೈದು ದಿನ ಕಮ್ಮಿ ತಿನ್ನುತ್ತಾಳೆ, ಅಳುತ್ತಾಳೆ. ಆರೋಗ್ಯವಾಗಿರುವ ಮಗು ಒಂದೆರಡು ಹೊತ್ತು ಕಮ್ಮಿ ತಿಂದರೆ ಮುಂದಿನ ಹೊತ್ತಿಗೆ ತಾನೇ ಸರಿ ಮಾಡಿಕೊಳ್ಳುತ್ತದೆ. ಮಗುವಿನ ತೂಕ ಮೊದಲೇ ಕಮ್ಮಿ ಇದ್ದರೆ ಮಾತ್ರ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ ಶುರು ಮಾಡಿ. ರಾತ್ರಿ ಊಟ ಹದಕ್ಕೆ ಬಂದ ಮೇಲೆ ತಿಂಡಿ, ಕೊನೆಗೆ ಮಧ್ಯಾಹ್ನದ್ದು. ಅತ್ತೆಗೆ ಅದು ಸುಲಭವಾಗಬೇಕಾದರೆ ಆ ಹೊತ್ತಿಗೆ ಮಗುವಿಗೆ ಚೆನ್ನಾಗಿ ಹಸಿವಾಗಿರಬೇಕು. ಹನ್ನೊಂದು ಗಂಟೆಯ ಬಿಸ್ಕತ್ತು, ಬಾಟಲಿ ಹಾಲು ನಿಲ್ಲಿಸಿದರೆ ಅರ್ಧ ಕೆಲಸ ಆದ ಹಾಗೆ.

ಫೋನ್ ತೆಗೆದಾಗ ಅವಳು ಏನು ಮಾಡುತ್ತಾಳೆ ಅನ್ನುವುದನ್ನು ನೀವು ಬರೆದಿಲ್ಲ. ನಾನು ಎದುರಿಗಿದ್ದರೆ ಮೊದಲು ಕೇಳುತ್ತಿದ್ದದ್ದು ಅದನ್ನೇ. ಮಗು ಟ್ಯಾಬ್ ಶುರು ಮಾಡುವುದರಲ್ಲಿ ಅದರ ಸಿದ್ಧತೆ ಗೊತ್ತಾಗುವುದಿಲ್ಲ, ಬಿಡುವುದರಲ್ಲಿ ಗೊತ್ತಾಗುತ್ತದೆ. ಸ್ವಲ್ಪ ಅತ್ತು, ಐದು ನಿಮಿಷದಲ್ಲಿ ಬೇರೆ ಆಟಕ್ಕೆ ಹೋದರೆ ಸರಿ. ನೆಲಕ್ಕೆ ಬಿದ್ದು ಹೊರಳಿ, ಅರ್ಧ ಗಂಟೆಯಾದರೂ ಸಮಾಧಾನ ಆಗದಿದ್ದರೆ ಇನ್ನೊಂದು ಸ್ಕ್ರೀನ್ ಮನೆಗೆ ತರುವ ಸಮಯ ಇದಲ್ಲ. ಅಳು ನಿಲ್ಲಿಸಲು ಫೋನ್ ಕೊಡುವ ಅಭ್ಯಾಸದ ಬಗ್ಗೆಯೂ ಎಚ್ಚರ ಬೇಕು. ಮೂರರಿಂದ ಐದು ವರ್ಷದ ಮಕ್ಕಳನ್ನು ಗಮನಿಸಿ ಅಮೆರಿಕದ ಮಿಶಿಗನ್‌ನ ವೈದ್ಯರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಸಮಾಧಾನ ಮಾಡಲು ಪದೇ ಪದೇ ಫೋನ್ ಕೊಟ್ಟ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಮುಂದಿನ ತಿಂಗಳುಗಳಲ್ಲಿ ಸಿಟ್ಟು, ಅಳು ಜಾಸ್ತಿ ಕಂಡಿತು. ಅತ್ತು ತಾನೇ ಸಮಾಧಾನ ಆಗುವುದೂ ಮಗು ಕಲಿಯಬೇಕಾದ ಒಂದು ಪಾಠ ಅಲ್ವಾ? ಅದನ್ನು ಕಲಿಯಲು ಅವಕಾಶವೇ ಸಿಗದಂತಾಗುತ್ತದೆ.

ನನ್ನ ಕೋಣೆಯಲ್ಲಿ ಒಂದು ಬಟ್ಟೆ ಚೀಲ ಇದೆ. ಅದರಲ್ಲಿ ಮರದ ಹತ್ತು ಬ್ಲಾಕ್, ಒಂದು ಕ್ರೇಯಾನ್, ಚಿಕ್ಕ ಸ್ಟೀಲ್ ಲೋಟ, ಚಮಚ, ಬಟ್ಟೆಯ ಗೊಂಬೆ, ಹರಿದು ಅಂಟಿಸಿದ ಒಂದು ಚಿತ್ರಪುಸ್ತಕ ಇವೆ. ಪ್ರಶ್ನೆ ಕೇಳುವ ಮೊದಲು ಚೀಲವನ್ನು ನೆಲದ ಮೇಲೆ ಸುರಿಯುತ್ತೇನೆ, ಸುಮ್ನೆ ನೋಡುತ್ತಾ ಕೂರುತ್ತೇನೆ. ಎರಡು ವರ್ಷದ ಮಗು ಸಾಮಾನ್ಯವಾಗಿ ಐದಾರು ಬ್ಲಾಕ್ ಜೋಡಿಸುತ್ತದೆ. ಗೆರೆ ಎಳೆದು ತೋರಿಸಿದರೆ ತಾನೂ ಎಳೆಯುತ್ತದೆ, ಸುತ್ತು ಬರೆಯಲು ಇನ್ನೊಂದು ವರ್ಷ ಬೇಕಾಗಬಹುದು. ಖಾಲಿ ಲೋಟದಿಂದ ಗೊಂಬೆಗೆ ಹಾಲು ಕುಡಿಸುತ್ತದೆ. ಈ ಸುಳ್ಳು ಹಾಲು ನನಗೆ ಬಹಳ ಮುಖ್ಯ. ಇಲ್ಲದ್ದನ್ನು ಇದೆ ಅಂತ ಅಂದುಕೊಳ್ಳುವ ಮಗುವಿಗೇ ಮುಂದೆ ಪರದೆಯ ಆನೆಗೂ ನಿಜದ ಆನೆಗೂ ಸಂಬಂಧ ಹೊಳೆಯುವುದು. ಆಮೇಲೆ ಪುಸ್ತಕ. ಅಮ್ಮನ ತೊಡೆಯ ಮೇಲೆ ಕೂತು ಐದು ನಿಮಿಷ ಪುಟ ತಿರುಗಿಸಿ, ಬೆರಳಿಟ್ಟು, "ಇದೇನು?" ಅಂತ ಮುಖ ನೋಡಿದರೆ ಆ ಮಗು ಒಬ್ಬರ ಜೊತೆ ಸೇರಿ ಒಂದು ವಿಷಯಕ್ಕೆ ಗಮನ ಕೊಡಲು ಕಲಿತಿದೆ. ಪುಸ್ತಕಕ್ಕೆ ಕೂರದ ಮಗು ಟ್ಯಾಬ್‌ಗೆ ಅರ್ಧ ಗಂಟೆ ಕೂತರೆ ಅದನ್ನು ಏಕಾಗ್ರತೆ ಅಂತ ನಾನು ಕರೆಯುವುದಿಲ್ಲ. ಅಲ್ಲಿ ಮಗು ಗಮನ ಕೊಡುತ್ತಿಲ್ಲ, ಗಮನವನ್ನು ಹಿಡಿದಿಟ್ಟಿದ್ದಾರೆ.

ಇದೆಲ್ಲ ಮಗುವಿನ ಕಡೆಯ ಸಿದ್ಧತೆ. ಇನ್ನೊಂದು ಕಡೆಯೂ ಇದೆ. ಟ್ಯಾಬ್ ಹಿಡಿದ ಮಗುವಿನ ಪಕ್ಕದಲ್ಲಿ ದಿನಾ ಹದಿನೈದು ನಿಮಿಷ ಯಾರು ಕೂರುತ್ತಾರೆ? "ನಾನು ಅಡುಗೆ ಮಾಡುವಾಗ ಅದು ಟ್ಯಾಬ್‌ನಲ್ಲಿ ಕಲಿಯುತ್ತದೆ" ಅನ್ನುವ ಯೋಜನೆ ಇದ್ದರೆ, ಈ ವಯಸ್ಸಿಗೆ ಅದು ಕಲಿಕೆಯ ಯೋಜನೆ ಅಲ್ಲ. ಅಡುಗೆಗೆ ಬಿಡುವು ಬೇಕಾದರೆ ಬೇಕು ಅಂತಲೇ ಹೇಳಿಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಕುಕ್ಕರ್ ಕೂಗುವವರೆಗೆ ಹತ್ತು ನಿಮಿಷ ಒಂದು ಹಾಡು ನೋಡಿದರೆ ಮಗು ಕೆಡುವುದಿಲ್ಲ. ಕಲಿಯುತ್ತಿದೆ ಅಂತ ನಂಬಿ ಗಂಟೆಗಟ್ಟಲೆ ಬಿಡುವುದೇ ತೊಂದರೆ.

ಇಷ್ಟು ಹೇಳಿದ ಮೇಲೂ ಟ್ಯಾಬ್ ಬಂದೇ ಬರುತ್ತದೆ ಅಂತಾದರೆ, ಅದು ಯಾವುದು ಅಂತ ಮೈದುನನನ್ನು ಕೇಳಿ. ಲರ್ನಿಂಗ್ ಟ್ಯಾಬ್ ಅನ್ನುವ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತು ಸಿಗುತ್ತವೆ. ಒಂದು, ಬಟನ್ ಒತ್ತಿದರೆ 'ಎ ಫಾರ್ ಆ್ಯಪಲ್' ಅನ್ನುವ ಬ್ಯಾಟರಿ ಆಟಿಕೆ. ಸ್ಕ್ರೀನ್ ಇಲ್ಲ, ಬೆಲೆ ಕಮ್ಮಿ. ಹಾನಿ ಜಾಸ್ತಿ ಇಲ್ಲ, ಲಾಭವೂ ಅಷ್ಟಕ್ಕಷ್ಟೇ. ಅಮೆರಿಕದಲ್ಲಿ 10ರಿಂದ 16 ತಿಂಗಳ ಮಕ್ಕಳ ಮನೆಗಳಲ್ಲಿ ನೋಡಿದಾಗ, ಹೀಗೆ ಸದ್ದು ಮಾಡುವ ಆಟಿಕೆ ಇದ್ದ ಹೊತ್ತಿನಲ್ಲಿ ಅಪ್ಪ ಅಮ್ಮ ಕಮ್ಮಿ ಮಾತಾಡಿದರು, ಪುಸ್ತಕ ಇದ್ದಾಗ ಜಾಸ್ತಿ ಮಾತಾಡಿದರು. ಆಟಿಕೆ ಮಾತಾಡುವಾಗ ನಾವು ಸುಮ್ಮನಾಗುತ್ತೇವೆ. ಎರಡನೆಯದು ಎಲ್‌ಸಿಡಿ ರೈಟಿಂಗ್ ಪ್ಯಾಡ್. ಕಡ್ಡಿಯಲ್ಲಿ ಬರೆದು ಬಟನ್ ಒತ್ತಿದರೆ ಅಳಿಸಿ ಹೋಗುತ್ತದೆ. ಇದು ನಿಮ್ಮ ಅತ್ತೆಯ ಸ್ಲೇಟೇ, ಬಳಪದ ಪುಡಿ ಇಲ್ಲ ಅಷ್ಟೇ. ಇದನ್ನು ಧಾರಾಳವಾಗಿ ಕೊಡಬಹುದು. ಮೂರನೆಯದು ನಿಜವಾದ ಟ್ಯಾಬ್, ಸುತ್ತಲೂ ರಬ್ಬರ್ ಕವಚ ಹಾಕಿದ ಆಂಡ್ರಾಯ್ಡ್. ನಾನು ಇಷ್ಟು ಹೊತ್ತು ಹೇಳಿದ್ದು ಇದರ ಬಗ್ಗೆ.

ಮೊದಲೆರಡರಲ್ಲಿ ಒಂದು ಅಪಾಯ ಇದೆ, ದಯವಿಟ್ಟು ಗಮನವಿಟ್ಟು ಓದಿ. ರೈಟಿಂಗ್ ಪ್ಯಾಡ್‌ನಲ್ಲಿ, ಕೆಲವು ಸದ್ದಿನ ಆಟಿಕೆಗಳಲ್ಲಿ ನಾಣ್ಯದಂಥ ಚಪ್ಪಟೆ ಬಟನ್ ಸೆಲ್ ಇರುತ್ತದೆ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ಸೆಲ್ ಇರುವ ಮುಚ್ಚಳಕ್ಕೆ ಸ್ಕ್ರೂ ಇದೆಯಾ, ಗಟ್ಟಿಯಾಗಿದೆಯಾ ನೋಡಿ. ಸ್ಕ್ರೂ ಇಲ್ಲದಿದ್ದರೆ ಆ ವಸ್ತು ಮನೆಯಲ್ಲಿ ಬೇಡ. ನುಂಗಿದೆ ಅನ್ನುವ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ. ಇಲ್ಲಿ ಕೊಳ್ಳುವ ಆಟಿಕೆಯ ಮೇಲೆ ಐಎಸ್‌ಐ ಗುರುತು ಇರಬೇಕು. 2021ರ ಜನವರಿ 1ರಿಂದ ಅದು ಕಡ್ಡಾಯ.

ಮೂರನೆಯದರಲ್ಲಿ ಇರುವ ಅಪಾಯ ಕಣ್ಣಿಗೆ ಕಾಣದ್ದು. ಖಾತೆ ತೆರೆಯುವಾಗ ಮಗುವಿನ ಹೆಸರು, ಹುಟ್ಟಿದ ದಿನ, ಫೋಟೋ ಕೇಳುತ್ತದೆ. ಮಕ್ಕಳ ಟ್ಯಾಬ್ ಮಾಡುವ ಹಾಂಗ್‌ಕಾಂಗ್‌ನ ವಿಟೆಕ್ ಕಂಪನಿಯ ಸರ್ವರ್‌ಗೆ 2015ರಲ್ಲಿ ಕನ್ನ ಬಿದ್ದು, 60 ಲಕ್ಷಕ್ಕೂ ಜಾಸ್ತಿ ಮಕ್ಕಳ ಮಾಹಿತಿ ಹೊರಗೆ ಹೋಗಿತ್ತು. ಅಡ್ಡ ಹೆಸರು ಹಾಕಿ, ಹುಟ್ಟಿದ ದಿನ ಬದಲಿಸಿ, ಫೋಟೋ ಕೊಡಬೇಡಿ. ಟ್ಯಾಬ್ ಇದರಿಂದ ಏನೂ ನಿಲ್ಲುವುದಿಲ್ಲ.

ಹಾಗಾದರೆ ಯಾವಾಗ ಕೊಡಬಹುದು? ನನ್ನ ಅಭಿಪ್ರಾಯ ಕೇಳಿದರೆ ಮೂರು ತುಂಬಿದ ಮೇಲೆ ಮತ್ತೆ ಯೋಚಿಸಿ. ಅಷ್ಟರಲ್ಲಿ ಊಟ ಫೋನ್ ಇಲ್ಲದೆ ಆಗುತ್ತಿರಬೇಕು, ನಿದ್ದೆ ಹಗಲು ರಾತ್ರಿ ಸೇರಿ 10ರಿಂದ 13 ಗಂಟೆ ಇರಬೇಕು, ಪುಟ್ಟ ಪುಟ್ಟ ವಾಕ್ಯಗಳಲ್ಲಿ ಮಾತಾಡುತ್ತಿರಬೇಕು. ಆಗ ವಾರಕ್ಕೆ ಮೂರು ನಾಲ್ಕು ದಿನ, ಒಂದೊಂದು ಸಲ ಹದಿನೈದು ಇಪ್ಪತ್ತು ನಿಮಿಷ, ನಿಮ್ಮ ಪಕ್ಕದಲ್ಲೇ. ಒಂದೋ ಎರಡೋ ಆ್ಯಪ್ ಸಾಕು. ಜಾಹೀರಾತು ಇರಬಾರದು. ಒಂದು ಮುಗಿದ ಕೂಡಲೇ ಇನ್ನೊಂದು ತಾನೇ ಶುರುವಾಗುವ ವ್ಯವಸ್ಥೆಯನ್ನು ಬಂದ್ ಮಾಡಿ. ಇಂಟರ್ನೆಟ್ ಆಫ್ ಮಾಡಿಯೇ ಕೈಗೆ ಕೊಡಿ. ಮಲಗುವ ಕೋಣೆಗೆ ಅದು ಹೋಗಬಾರದು, ಮಲಗುವ ಒಂದು ಗಂಟೆ ಮೊದಲೇ ಕಪಾಟು ಸೇರಬೇಕು. ಸ್ಕ್ರೀನ್‌ನಲ್ಲಿ ಏನು ಬಂತೋ ಅದನ್ನು ಅವತ್ತೇ ಮನೆಯಲ್ಲಿ ಹುಡುಕಿ. ಟ್ಯಾಬ್‌ನಲ್ಲಿ ಹಳದಿ ಬಂದರೆ ಅಡುಗೆ ಮನೆಯ ಅರಿಶಿನ ಡಬ್ಬಿ ತೆರೆದು ತೋರಿಸಿ. ನಾನು ಮೊದಲು ಹೇಳಿದ ಆ ಜಿಗಿತಕ್ಕೆ ನೀವು ಕೈ ಹಿಡಿಯಬೇಕಾದದ್ದು ಹೀಗೆ.

ನಿಲ್ಲಿಸುವುದು ಹೇಗೆ ಅನ್ನುವುದಕ್ಕೆ ಒಂದು ಉಪಯೋಗದ ವಿಷಯ. "ಇನ್ನು ಎರಡೇ ನಿಮಿಷ" ಅಂತ ಎಚ್ಚರಿಸುವುದು ಒಳ್ಳೆಯದು ಅಂತ ನಾನೂ ಬಹಳ ಕಾಲ ಹೇಳುತ್ತಿದ್ದೆ. ಒಂದರಿಂದ ಐದು ವರ್ಷದ ಮಕ್ಕಳಿರುವ ಮನೆಗಳನ್ನು ನೋಡಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2016ರಲ್ಲಿ ಹೇಳಿದ್ದು ಬೇರೆ. ಹಾಗೆ ಎಚ್ಚರಿಸಿದಾಗ ಗಲಾಟೆ ಜಾಸ್ತಿಯಾಯಿತು. ಆಟ ಅಥವಾ ವಿಡಿಯೋ ತಾನಾಗಿ ಮುಗಿಯುವ ಜಾಗದಲ್ಲಿ ನಿಲ್ಲಿಸಿದಾಗ, ದಿನಾ ಒಂದೇ ಕ್ರಮ ಇದ್ದಾಗ ಮಕ್ಕಳು ಸಲೀಸಾಗಿ ಬಿಟ್ಟರು. ಅಂದಿನಿಂದ ನಾನೂ ಮಾತು ಬದಲಿಸಿದ್ದೇನೆ. ಗಡಿಯಾರ ತೋರಿಸಬೇಡಿ. "ಈ ಹಾಡು ಮುಗಿಯಿತು, ಈಗ ಗಿಡಕ್ಕೆ ನೀರು ಹಾಕುವುದು" ಅಂತ ದಿನಾ ಒಂದೇ ಥರ ಮಾಡಿ.

ಇನ್ನು ಇಂಗ್ಲಿಷ್. ಟ್ಯಾಬ್ ಇಂಗ್ಲಿಷ್‌ನಲ್ಲಿ ಮಾತಾಡುತ್ತದೆ, ಅಜ್ಜಿ ಕನ್ನಡದಲ್ಲಿ, ಮಗುವಿಗೆ ಗೊಂದಲ ಆಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಎರಡೂ ಭಾಷೆಯನ್ನು ಮನುಷ್ಯರು ಆಡಬೇಕು, ಅಷ್ಟೇ. ನಿಮ್ಮ ಮನೆಯಲ್ಲಿ ಕನ್ನಡ ಸರಾಗವಾಗಿದ್ದರೆ ಕನ್ನಡದಲ್ಲೇ ಧಾರಾಳವಾಗಿ ಮಾತಾಡಿ. ಮೊದಲ ಭಾಷೆ ಗಟ್ಟಿಯಾದ ಮಗು ಶಾಲೆಗೆ ಹೋದ ಮೇಲೆ ಇಂಗ್ಲಿಷನ್ನು ಹಿಡಿದೇ ಹಿಡಿಯುತ್ತದೆ.

ನಿಮ್ಮ ಮಗಳ ವಿಷಯದಲ್ಲಿ ನನಗೆ ಆತಂಕ ಕಾಣುತ್ತಿಲ್ಲ. ಆದರೆ ಇದನ್ನು ಓದುವ ಬೇರೆ ತಾಯಂದಿರಿಗಾಗಿ ಹೇಳಬೇಕು. ಎರಡು ವರ್ಷ ತುಂಬಿದರೂ ಐವತ್ತು ಪದ ಇಲ್ಲದಿದ್ದರೆ, ಎರಡು ಪದ ಸೇರಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಬಂದ ಮಾತು ಹೋದರೆ, ಟ್ಯಾಬ್ ಕೊಡಬೇಕಾ ಬೇಡವಾ ಅನ್ನುವ ಚರ್ಚೆ ಬಿಟ್ಟು ಮೊದಲು ಕಿವಿ ಪರೀಕ್ಷೆ ಮಾಡಿಸಿ. "ಅವರಪ್ಪನೂ ತಡವಾಗಿ ಮಾತಾಡಿದ್ದು" ಅಂತ ಕಾಯಬೇಡಿ. ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆ ನೋಡುವ ಡಿಇಐಸಿ ಕೇಂದ್ರ ಇದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಫೋನ್ ನಿಲ್ಲಿಸಿದರೆ ಎಲ್ಲಾ ಸರಿಹೋಗುತ್ತದೆ ಅಂತಲೂ ಸುಮ್ಮನಿರಬಾರದು. ಮಾತು ತಡವಾಗಲು ಬೇರೆ ಕಾರಣಗಳೂ ಇರುತ್ತವೆ.

ಕೊನೆಗೆ ಮೈದುನನಿಗೆ ಏನು ಹೇಳುವುದು? ಅವನ ಮನಸ್ಸು ನೋಯಿಸಬೇಡಿ. ಅಣ್ಣನ ಮಗಳಿಗೆ ಏನಾದರೂ ತರಬೇಕು ಅನ್ನುವ ಪ್ರೀತಿ ಅದು. ಟ್ಯಾಬ್ ಬದಲು ದೊಡ್ಡ ಬ್ಲಾಕ್‌ಗಳ ಡಬ್ಬಿ ತರಲು ಹೇಳಿ, ಒಂದು ಚೆಂಡು, ನಾಲ್ಕು ದಪ್ಪ ಹಾಳೆಯ ಚಿತ್ರಪುಸ್ತಕ. ಇನ್ನೂ ಒಂದು ಕೇಳಿ. ಸ್ಕ್ರೀನ್‌ನಿಂದ ಎರಡು ವರ್ಷದ ಮಗು ಕಲಿಯುವ ಒಂದು ದಾರಿ ಇದೆ, ಅದು ವಿಡಿಯೋ ಕಾಲ್. 2014ರಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಪದ ಕಲಿಸಿ ನೋಡಿದರು. ರೆಕಾರ್ಡ್ ಮಾಡಿದ ವಿಡಿಯೋದಿಂದ ಕಲಿಯದ ಮಕ್ಕಳು, ವಿಡಿಯೋ ಕಾಲ್‌ನಲ್ಲಿ ತಮ್ಮ ಮಾತಿಗೆ ಮರುಮಾತು ಕೊಡುವವರಿಂದ ಕಲಿತರು. ನಿಮ್ಮ ಮಗಳು ಸರಿಯಾಗಿ ಆ ವಯಸ್ಸಿನಲ್ಲಿದ್ದಾಳೆ. ಮಸ್ಕತ್‌ನಲ್ಲಿ ಶುಕ್ರವಾರ ರಜೆ, ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ಸಂಜೆ ಐದೂವರೆಗೆ ಅಲ್ಲಿ ನಾಲ್ಕು. ಪ್ರತಿ ಶುಕ್ರವಾರ ಆ ಹೊತ್ತಿಗೆ ಚಿಕ್ಕಪ್ಪ ಹತ್ತು ನಿಮಿಷ ಕಾಲ್ ಮಾಡಲಿ. ಮಗುವನ್ನು ಅಜ್ಜಿ ತೊಡೆಯ ಮೇಲೆ ಕೂರಿಸಿಕೊಳ್ಳಲಿ. ಅವನ ಕೈಯಲ್ಲೊಂದು ಲೋಟ, ಇವಳ ಕೈಯಲ್ಲೊಂದು ಲೋಟ. ಅವನು "ಚಹಾ ಕುಡಿ ಪುಟ್ಟಿ" ಅಂದರೆ ಇವಳು ಕುಡಿಯಲಿ, ಇವಳು "ಚಿಕ್ಕಪ್ಪ ಕುಡಿ" ಅಂದಾಗ ಅವನೂ ಕುಡಿಯಲಿ.